ಸತ್ಯಾಂಶ: ಹೇಗ್ ಕೋರ್ಟ್ ಜಗತ್ತಿನ ಸುಪ್ರೀಂ ಕೋರ್ಟ್ ಅಲ್ಲ

ಮಲ್ಪೆ, ಮಂಗಳೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ: "ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವೇ ಜಗತ್ತಿನ ಸುಪ್ರೀಂ ಕೋರ್ಟ್. ಸಮುದ್ರದ ಜಗಳವೂ ಕೊನೆಗೆ ಅಲ್ಲಿಗೇ ಹೋಗಬೇಕು."

ಹಾಗೇನಿಲ್ಲ. ಅದರ ತೀರ್ಪು ಆ ಕೇಸಿನ ದೇಶಗಳಿಗೆ, ಆ ಒಂದು ಕೇಸಿಗೆ ಮಾತ್ರ. ಅದರ ನಿಯಮಾವಳಿಯ 59ನೇ ವಿಧಿಯೇ ಹೀಗೆ ಹೇಳುತ್ತದೆ. ಹ್ಯಾಂಬರ್ಗ್‌ನ ಸಮುದ್ರ ಕಾನೂನು ನ್ಯಾಯಮಂಡಳಿ ಅದರ ಕೈಕೆಳಗಿಲ್ಲ. ಅಲ್ಲಿಂದ ಹೇಗ್‌ಗೆ ಅಪೀಲೂ ಇಲ್ಲ.

ದಕ್ಕೆಯಲ್ಲಿ ಮೀನು ಇಳಿಸುವವರಿಗೆ ಇದು ಬೇಗ ಅರ್ಥವಾದೀತು. ಸ್ಪೇನಿನ ಬೋಟುಗಳು ಆಗ್ನೇಯ ಪೆಸಿಫಿಕ್‌ನಲ್ಲಿ ಸ್ವೋರ್ಡ್‌ಫಿಶ್ ಹಿಡಿಯುತ್ತಿದ್ದವು. ಅದನ್ನು ನಮ್ಮ ಬಂದರಲ್ಲಿ ಇಳಿಸಬೇಡಿ ಎಂದಿತು ಚಿಲಿ. 2000ರಲ್ಲಿ ಐರೋಪ್ಯ ಒಕ್ಕೂಟ, ಇದು ವ್ಯಾಪಾರಕ್ಕೆ ಅಡ್ಡಿ ಎಂದು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಚಿಲಿಯದು ಮೀನಿನ ಸಂತತಿ ಉಳಿಸುವ ವಾದ. ಅದು ಹ್ಯಾಂಬರ್ಗ್ ಮುಟ್ಟಿತು. ಮೀನು ಅದೇ, ಬಂದರು ಅದೇ, ಕಾನೂನು ಮಾತ್ರ ಎರಡು! ಎರಡೂ ಕಡೆ ಉಲ್ಟಾ ತೀರ್ಪು ಬಂದಿದ್ದರೆ ಪಜೀತಿಯೇ ಅಲ್ವಾ? ಪುಣ್ಯಕ್ಕೆ ಮಾತುಕತೆಯಲ್ಲೇ ಬಗೆಹರಿಯಿತು.

ಹಾಗಂತ ಎಲ್ಲ ಚೂರುಚೂರು ಎಂದೂ ಅಲ್ಲ. ಒಪ್ಪಂದಗಳನ್ನು ಅರ್ಥೈಸಲು ಈ ಕೋರ್ಟುಗಳೆಲ್ಲ ಸಾಮಾನ್ಯವಾಗಿ 1969ರ ವಿಯೆನ್ನಾ ಒಪ್ಪಂದದ ಸೂತ್ರಗಳನ್ನೇ ಹಿಡಿಯುತ್ತವೆ. ಕಡ್ಡಾಯವಿಲ್ಲದಿದ್ದರೂ ಒಬ್ಬರ ತೀರ್ಪನ್ನು ಇನ್ನೊಬ್ಬರು ಓದುತ್ತಾರೆ, ಉಲ್ಲೇಖಿಸುತ್ತಾರೆ.