ಸಂಕೋಚಕ್ಕೊಂದು ಪ್ರಮಾಣಪತ್ರ

ಮೂಲನಿವಾಸಿ ಎಂದರೆ ಯಾರು ಎಂಬ ಪ್ರಶ್ನೆಗೆ ನಮ್ಮ ಸರ್ಕಾರದ ಬಳಿ ಎರಡು ಉತ್ತರಗಳಿವೆ. ಒಂದು ಊರಿಗೆ, ಇನ್ನೊಂದು ಮನೆಗೆ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಭಾರತ ಅದರ ಪರವಾಗಿ ಮತ ಹಾಕಿತು. ಸ್ವಾತಂತ್ರ್ಯ ಬಂದಾಗ ಈ ನೆಲದಲ್ಲಿದ್ದವರೂ ಅವರ ಮಕ್ಕಳುಮರಿಗಳೂ ಎಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಅಧಿಕೃತ ನಿಲುವು. ಆ ಲೆಕ್ಕದಲ್ಲಿ ಮೈಸೂರಿನ ಬಾಡಿಗೆ ಮನೆಯಲ್ಲಿರುವ ನಾನೂ ಮೂಲನಿವಾಸಿ, ನಾಗರಹೊಳೆಯ ಸಫಾರಿ ವಾಹನದಲ್ಲಿ ಕ್ಯಾಮೆರಾ ಹಿಡಿದು ಕುಳಿತವರೂ ಮೂಲನಿವಾಸಿಗಳು. ಅರ್ಜಿ ಹಾಕದೆ, ಶುಲ್ಕ ಕಟ್ಟದೆ ನನಗೆ ದಕ್ಕಿದ ಸರ್ಕಾರಿ ಸೌಲಭ್ಯ ಇದೊಂದೇ.

ಆ ಸಫಾರಿ ದಾರಿಯ ಆಚೆ, ಹಾಡಿ ಎಂಬ ಪುಟ್ಟ ಬುಡಕಟ್ಟು ಊರಿನಲ್ಲಿರುವ ಜೇನುಕುರುಬರಿಗೆ ಮಾತ್ರ ವಿಷಯ ಇಷ್ಟು ಸಲೀಸಲ್ಲ. ಮನೆಯೊಳಗಿನ ಉತ್ತರ ಬೇರೆ. 1965ರ ಲೋಕೂರ್ ಸಮಿತಿ ಪರಿಶಿಷ್ಟ ಪಂಗಡಗಳನ್ನು ಗುರುತಿಸಲು ಐದು ಲಕ್ಷಣಗಳನ್ನು ಹೇಳಿತು: ಆದಿಮ ಗುಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಈ ಅಳತೆಗೋಲು ಇಂದಿಗೂ ಚಲಾವಣೆಯಲ್ಲಿದೆ. ಉಳಿದ ನಾಲ್ಕರ ಮಾತು ಬಿಡಿ, ಸಂಕೋಚವನ್ನು ಸರ್ಕಾರ ಅಳೆಯುವುದು ಹೇಗೆ ಎಂಬುದು ನನ್ನ ನಿದ್ದೆ ಕೆಡಿಸಿದ ಪ್ರಶ್ನೆ. ನಿಜವಾಗಿ ಸಂಕೋಚವಿರುವ ಅಜ್ಜಿ ಕಾಡು ಬಿಟ್ಟು ತಾಲ್ಲೂಕು ಕಚೇರಿಗೆ ಬರುವುದಿಲ್ಲ; ಬಾರದವಳಿಗೆ ಪ್ರಮಾಣಪತ್ರ ಇಲ್ಲ. ಬಂದಳೆನ್ನಿ, ಸರತಿಯಲ್ಲಿ ನಿಂತು, ಗೆಣಸು ಅಗೆದು ಸವೆದ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲೆ ಒತ್ತುತ್ತಾಳೆ. ಯಂತ್ರ ಒಪ್ಪುವುದಿಲ್ಲ. “ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ಸಲ ಇಡಜ್ಜಿ” ಎನ್ನುತ್ತಾನೆ ಗುಮಾಸ್ತ. ಮೂರನೆಯ ಸಲ “ಸರ್ವರ್ ಇಲ್ಲ, ನಾಳೆ ಬಾ” ಎಂದಾಗ ಅವಳು ಸೊಂಟಕ್ಕೆ ಕೈಕೊಟ್ಟು ಅವನ ಏಳು ತಲೆಮಾರನ್ನು ಜಾಲಾಡುತ್ತಾಳೆ. ಅಲ್ಲಿಗೆ ನಾಲ್ಕನೆಯ ಲಕ್ಷಣದಲ್ಲಿ ಅಜ್ಜಿ ನಪಾಸು.

ಸಂಕೋಚದ ಪರೀಕ್ಷೆಯಲ್ಲಿ ಗೆದ್ದರೂ ಹೆಸರಿನ ಪರೀಕ್ಷೆ ಬಾಕಿ ಇರುತ್ತದೆ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಾಡುಕುರುಬ ಎಂದಿತ್ತು. ತಮ್ಮನ್ನು ಬೆಟ್ಟಕುರುಬ ಎಂದು ಕರೆದುಕೊಳ್ಳುವವರು ಪಟ್ಟಿಯ ಹೊರಗೆ ಉಳಿದರು. ಬೆಟ್ಟ ಇದ್ದಲ್ಲಿ ಕಾಡಿರುತ್ತದೆ, ಕಾಡು ಹತ್ತಿದರೆ ಬೆಟ್ಟ ಸಿಗುತ್ತದೆ ಎಂಬುದನ್ನು ನಮ್ಮ ಕಡೆ ದನ ಕಾಯುವ ಹುಡುಗನೂ ಬಲ್ಲ. ದೆಹಲಿಗೆ ಅದು ಮನವರಿಕೆಯಾಗಲು 2022ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಒಂದು ತಿದ್ದುಪಡಿ ಮಸೂದೆಯೇ ಬರಬೇಕಾಯಿತು.

ಇನ್ನು ನೆಲದ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಹಕ್ಕು ಕೇಳುವವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ಇದ್ದವರಾಗಿರಬೇಕು. ಮಸಣ, ಬಾವಿ, ದೇವರ ಬನ, ಹಿರಿಯರ ಹೇಳಿಕೆ ಇವೆಲ್ಲವೂ ಸಾಕ್ಷ್ಯವೆಂದು ನಿಯಮಗಳೇ ಹೇಳುತ್ತವೆ, ಅಷ್ಟರ ಮಟ್ಟಿಗೆ ಕಾನೂನು ಉದಾರಿ. ತೊಡಕೆಂದರೆ, ದಶಕಗಳ ಹಿಂದೆ ಇವರನ್ನು ಗುಡಿಸಲು ಸಮೇತ ಕಾಡಿನಿಂದ ಹೊರಗೆ ಹಾಕಿದವರೇ ಈಗ ಮೇಜಿನ ಆಚೆ ಕುಳಿತು “ಆ ದಿನ ನೀವು ಒಳಗೆ ಇದ್ದಿರಾ?” ಎಂದು ಕೇಳುತ್ತಾರೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಯ ಜಾಗಕ್ಕೆ ಮರಳಿ ಗುಡಿಸಲು ಹಾಕಿದಾಗ ಅರಣ್ಯ ಇಲಾಖೆಯವರೂ ಪೊಲೀಸರೂ ಬಂದು ನಿಂತರು. ಅಜ್ಜಂದಿರನ್ನು ಹೂಳಿದ ನೆಲಕ್ಕೆ ಮೊಮ್ಮಕ್ಕಳು ಕಾಲಿಟ್ಟರೆ ಅದು ಅತಿಕ್ರಮ ಪ್ರವೇಶ. ಟಿಕೆಟ್ ಕೊಂಡು ಕಾಲಿಟ್ಟರೆ ಪರಿಸರ ಪ್ರವಾಸೋದ್ಯಮ.

ಅದೇ ಕಾಡಿನಲ್ಲಿ ಇಲಾಖೆಯೇ ಸಾಲಾಗಿ ನೆಟ್ಟ ತೇಗದ ತೋಪುಗಳಿವೆ. ನೆಟ್ಟ ವರ್ಷ ದಾಖಲೆಯಲ್ಲಿರುವುದರಿಂದ ತೇಗ ಜನ್ಮಪ್ರಮಾಣ ಉಳ್ಳ ಪ್ರಜೆ. ಅದರ ಬುಡದಲ್ಲಿ ಲಂಟಾನ ಹಬ್ಬಿದೆ. ಅಮೆರಿಕದ ಉಷ್ಣ ಪ್ರದೇಶದಿಂದ ಬ್ರಿಟಿಷರ ಕಾಲದಲ್ಲಿ ಅಂದದ ಹೂಗಿಡವೆಂದು ಬಂದ ಅದು ನಾಗರಹೊಳೆ, ಬಂಡೀಪುರಗಳ ಉದ್ದಗಲಕ್ಕೂ ಒಕ್ಕಲು ಹೂಡಿದೆ. 2005ರ ಡಿಸೆಂಬರ್ 13ರಂದು ಎಲ್ಲಿದ್ದೆ ಎಂದು ಅದನ್ನು ಯಾರೂ ಕೇಳಿಲ್ಲ. ಅದಕ್ಕೆ ಸಂಕೋಚವೂ ಇಲ್ಲ.