ಎರಡನೇ ಫೋಟೋ ನಿಮ್ಮದೇ ಇರಲಿ

ಮೂರು ವಾರದಿಂದ ರಾತ್ರಿ ಊಟ ಆದ ಮೇಲೆ ನನಗೆ ಒಂದೇ ಕೆಲಸ. ನನ್ನ ಮುಖದೊಳಗೆ ಇನ್ನೊಂದು ಫೋಟೋ ಕೂರಿಸುವುದು. ಡಬಲ್ ಎಕ್ಸ್‌ಪೋಶರ್ ಅಂತಾರಲ್ಲ, ಅದೇ.

ಮುಖದ ಫೋಟೋ ಮಾತ್ರ ಹಗಲಲ್ಲೇ ತೆಗೆದುಕೊಂಡೆ. ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿದೆ. ಎದುರಿಗೆ ಸ್ಟೀಲ್ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು, ಅದಕ್ಕೆ ಫೋನ್ ಒರಗಿಸಿ, 10 ಸೆಕೆಂಡ್ ಟೈಮರ್ ಹಾಕಿ ಪಕ್ಕಕ್ಕೆ ತಿರುಗಿ ನಿಂತೆ. ಬೆಳಕೆಲ್ಲ ಹಿಂದಿನಿಂದ ಬಂತು. ಮುಖ ಹೆಚ್ಚುಕಡಿಮೆ ಕಪ್ಪು, ಹಿನ್ನೆಲೆ ಪೂರ್ತಿ ಬಿಳಿ. ಇದಕ್ಕೆ ಬೇಕಾಗಿರುವುದೂ ಅದೇ.

ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್ ಗಿಂಪ್. ಉಚಿತವಾಗಿ ಸಿಗುತ್ತದೆ. ಒಂದು ಫೋಟೋ ಮೇಲೆ ಇನ್ನೊಂದನ್ನು ಲೇಯರ್ ಆಗಿ, ಅಂದರೆ ಪದರವಾಗಿ ಇಟ್ಟು, ಮೇಲಿನದರ ಮೋಡ್ ಅನ್ನು (ಎರಡೂ ಪದರ ಬೆರೆಯುವ ರೀತಿಯನ್ನು) ‘ಸ್ಕ್ರೀನ್’ಗೆ ಬದಲಾಯಿಸಬೇಕು. ಆಗ ಬಿಳಿ ಇದ್ದ ಕಡೆ ಬಿಳಿಯೇ ಉಳಿಯುತ್ತದೆ. ಕಪ್ಪು ಇದ್ದ ಕಡೆ ಇನ್ನೊಂದು ಫೋಟೋ ಎದ್ದು ಕಾಣುತ್ತದೆ. ಫಿಲ್ಮ್ ಕ್ಯಾಮೆರಾದಲ್ಲಿ ಒಂದೇ ಫ್ರೇಮ್ ಮೇಲೆ ಎರಡು ಸಲ ಬೆಳಕು ಬೀಳುತ್ತಿತ್ತು. ಅದಕ್ಕೇ ಪ್ರತಿ ಸಲ ಅರ್ಧದಷ್ಟೇ ಬೆಳಕು ಕೊಡುತ್ತಿದ್ದರು, ಇಲ್ಲದಿದ್ದರೆ ಚಿತ್ರ ಬಿಳಿಚಿಕೊಳ್ಳುತ್ತಿತ್ತು. ಸ್ಕ್ರೀನ್ ಮೋಡ್‌ನಲ್ಲಿ ಆ ಭಯ ಕಡಿಮೆ. ಕಂಪ್ಯೂಟರ್‌ನಲ್ಲಿ ಕಪ್ಪು ಅಂದರೆ 0, ಬಿಳಿ ಅಂದರೆ 255. ನಡುವಿನ 128ರ ಬೂದು ಬಣ್ಣಕ್ಕೆ ಇನ್ನೊಂದು 128 ಸೇರಿದರೆ ಸುಮಾರು 192 ಆಗುತ್ತದೆ ಅಷ್ಟೇ. ಬಿಳಿಯ ಮಿತಿಯಾದ 255ನ್ನು ಎಂದೂ ದಾಟುವುದಿಲ್ಲ.

ಮೊದಲ ಸಲ ಇಂಟರ್‌ನೆಟ್‌ನಿಂದ ಮಂಜು ಕವಿದ ಪೈನ್ ಕಾಡಿನ ಫೋಟೋ ಇಳಿಸಿಕೊಂಡು ಹಾಕಿದೆ. ತುಂಬಾ ಚೆನ್ನಾಗಿ ಬಂತು. ಆದರೆ ಎರಡು ದಿನ ಬಿಟ್ಟು ನೋಡಿದರೆ ಅದರಲ್ಲಿ ನಾನು ಇರಲೇ ಇಲ್ಲ. ಆ ಕಾಡಿಗೆ ನಾನು ಕಾಲಿಟ್ಟಿಲ್ಲ. ಅಲ್ಲಿನ ಚಳಿ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ. ನನ್ನ ಮುಖ ಬರೀ ಪಾತ್ರೆಯಾಗಿತ್ತು, ಒಳಗಿದ್ದದ್ದು ಬೇರೆ ಯಾರದೋ.

ನಾನು ಹೇಳಬೇಕೆಂದಿರುವುದು ಇದನ್ನೇ. ಒಂದು ಬಟನ್ ಒತ್ತಿದರೆ ಡಬಲ್ ಎಕ್ಸ್‌ಪೋಶರ್ ಮಾಡಿಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಕಾಡು, ಸಮುದ್ರ, ನಕ್ಷತ್ರ ಎಲ್ಲ ಅವೇ ಕೊಡುತ್ತವೆ. ದಯವಿಟ್ಟು ತಗೋಬೇಡಿ. ಎರಡನೇ ಫೋಟೋ ನೀವೇ ತೆಗೆದದ್ದಿರಲಿ. 1932ರಲ್ಲಿ ಇಟಲಿಯ ಫೋಟೋಗ್ರಾಫರ್ ವಾಂಡಾ ವುಲ್ಜ್ ತನ್ನ ಮುಖದ ನೆಗೆಟಿವ್ ಮತ್ತು ಮನೆಯ ಬೆಕ್ಕಿನ ನೆಗೆಟಿವ್ ಎರಡನ್ನೂ ಒಂದೇ ಕಾಗದದ ಮೇಲೆ ಪ್ರಿಂಟ್ ಮಾಡಿದಳು. ‘ನಾನು + ಬೆಕ್ಕು’ ಅಂತ ಅದರ ಹೆಸರು. ಹುಲಿಯನ್ನೋ ಸಿಂಹವನ್ನೋ ಹುಡುಕಿಕೊಂಡು ಹೋಗಲಿಲ್ಲ. ಮನೆಯಲ್ಲಿ ಓಡಾಡುವ ಬೆಕ್ಕೇ ಸಾಕಾಯಿತು. ಇವತ್ತಿಗೂ ಆ ಚಿತ್ರದಿಂದ ಕಣ್ಣು ತೆಗೆಯೋಕೆ ಆಗಲ್ಲ.

ನಮ್ಮ ಊರು ಕೊಪ್ಪದ ಹತ್ತಿರ. ಮಳೆಗಾಲದಲ್ಲಿ ಹೋದಾಗ ತೋಟದಲ್ಲಿ ಕೂತು, ಮೇಲೆ ನೋಡುತ್ತಾ ಅಡಿಕೆ ಮರಗಳ ಫೋಟೋ ತೆಗೆದಿದ್ದೆ. ಮೋಡ ಕವಿದು ಆಕಾಶ ಬಿಳಿ ಹಾಳೆಯಂತಿತ್ತು. ಅದನ್ನೇ ತಂದು ಕೂರಿಸಿದೆ. ಕತ್ತಿನ ಗೆರೆಗೆ ಸರಿಯಾಗಿ ಒಂದು ಮರದ ಕಾಂಡ ಬಂತು, ಉಂಗುರ ಉಂಗುರವಾಗಿ. ಕೂದಲಿದ್ದ ಕಡೆ ಸೋಗೆ. ಆದರೆ ಕಣ್ಣಿನ ಮೇಲೆ ಆಕಾಶದ ತುಂಡು ಬಿದ್ದು ಕಣ್ಣೇ ಅಳಿಸಿಹೋಯಿತು. ಆಗ ಅಡಿಕೆ ಮರದ ಪದರಕ್ಕೆ ಲೇಯರ್ ಮಾಸ್ಕ್ (ಕಪ್ಪು ಬಳಿದಷ್ಟು ಭಾಗವನ್ನು ಮರೆಮಾಡುವ ಮುಸುಕು) ಹಾಕಿ, ಮೆತ್ತನೆ ಅಂಚಿನ ಕಪ್ಪು ಬ್ರಶ್‌ನಲ್ಲಿ ಅಲ್ಲಿನ ಆಕಾಶವನ್ನು ಸ್ವಲ್ಪ ಸ್ವಲ್ಪವೇ ಮರೆಮಾಡಿದೆ. ಬ್ರಶ್ ಒಪ್ಯಾಸಿಟಿ, ಅಂದರೆ ಬಣ್ಣದ ಗಾಢತೆ, ಶೇ. 20ಕ್ಕಿಂತ ಜಾಸ್ತಿ ಇಡಬೇಡಿ, ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಈ ಕಣ್ಣಿಗೇ ಎರಡು ರಾತ್ರಿ ಹೋಯಿತು.

ಜೂಮ್ ಮಾಡಿದಾಗ ಸೋಗೆಯ ಮೇಲೆ ಕಂದು ಚುಕ್ಕಿಗಳು ಕಂಡವು. ಎಲೆಚುಕ್ಕಿ ರೋಗ. ಮಲೆನಾಡಿನ ತೋಟಗಳಲ್ಲಿ ಇದರ ಕಾಟ ಎಷ್ಟು ಅಂತ ಅಡಿಕೆ ಬೆಳೆಯುವವರಿಗೆ ಹೇಳಬೇಕಿಲ್ಲ. ಪಕ್ಕದ ಭಾಗವನ್ನು ನಕಲು ಮಾಡಿ ಕಲೆ ಮುಚ್ಚುವ ಕ್ಲೋನ್ ಟೂಲ್ ತಗೊಂಡು ಒರೆಸಲು ಹೊರಟೆ. ನಾಲ್ಕು ಚುಕ್ಕಿ ಒರೆಸಿದ ಮೇಲೆ ಕೈ ನಿಂತಿತು. ಅಪ್ಪ ಮಳೆ ಬಿಡುವು ಕೊಟ್ಟಾಗಲೆಲ್ಲ ಔಷಧಿ ಹೊಡೆಸಲು ಓಡಾಡಿದ ತೋಟ ಇದು. ಸುಮ್ನೆ ಚೆಂದ ಕಾಣಲಿ ಅಂತ ಅದನ್ನು ಅಳಿಸಿದರೆ ಮತ್ತೆ ಪೈನ್ ಕಾಡೇ ಆಯಿತಲ್ವಾ? ಅನ್‌ಡೂ ಒತ್ತಿ ನಾಲ್ಕನ್ನೂ ವಾಪಸ್ ತಂದೆ.

ಚಿತ್ರವನ್ನು ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿದಳು. “ಇದು ಬಾವಿ ಹತ್ರದ ಸಾಲಲ್ವಾ? ಆಗ್ಲೇ ಅಲ್ಲಿಗೂ ಚುಕ್ಕಿ ಬಂದಿತ್ತಲ್ಲೇ” ಅಂದಳು. ನನ್ನ ಮುಖದ ಬಗ್ಗೆ ಮಾತೇ ಇಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂದೂ ಒಂದು ಮಾಡ್ತೀಯಾ?” ಅಂತ ಕೇಳಿದಳು.

ಒಳಗೆ ಯಾವ ಫೋಟೋ ಹಾಕಲಿ ಅಂತ ಕೇಳಿದ್ದೇನೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾಳೆ.