ಸೀಟು ಮೊದಲು, ಅಂಕ ಆಮೇಲೆ

ನವೆಂಬರ್ ಮುಗಿಯುತ್ತಿದ್ದಂತೆ ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಮನೆಗಳಲ್ಲಿ ಒಂದು ನಿರಾಳತೆ ಕಾಣಿಸಿಕೊಳ್ಳುತ್ತದೆ. ಹನ್ನೆರಡನೇ ತರಗತಿಯ ಮಕ್ಕಳು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಅರ್ಜಿ ಕಳುಹಿಸಿರುತ್ತಾರೆ; ಪ್ರಬಂಧ ತಿದ್ದಿ ತಿದ್ದಿ ಸಾಕಾದ ತಂದೆತಾಯಂದಿರು, "ಇನ್ನು ಸ್ವಲ್ಪ ಆರಾಮಾಗಿರಲಿ ಬಿಡಿ" ಎನ್ನುತ್ತಾರೆ. ಎರಡು ವರ್ಷಗಳ ಹಿಂದೆ ನಾನೂ ಹಾಗೆಯೇ ಹೇಳಿದ್ದೆ. ಹೇಳಬಾರದಾಗಿತ್ತು.

ನಾವು ಬೆಳೆದು ಬಂದ ಲೆಕ್ಕಾಚಾರವೇ ಬೇರೆಯಾದ್ದರಿಂದ ಈ ತಪ್ಪು ನಮ್ಮಿಂದ ಸುಲಭವಾಗಿ ಆಗುತ್ತದೆ. ಕರ್ನಾಟಕದಲ್ಲಿ ಮೊದಲ ಪಿಯುಸಿಯನ್ನು ಹೇಗೋ ದಾಟಿದರೂ ನಡೆಯುತ್ತದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಅಂಕಗಳಿಂದ ಅರ್ಧ, ಸಿಇಟಿಯಿಂದ ಅರ್ಧ. ಅಂಕ ಬಂದ ಮೇಲೆ ಕೌನ್ಸೆಲಿಂಗ್, ಆಮೇಲೆ ಸೀಟು, ಅಲ್ಲಿಗೆ ಹಳೆಯ ಲೆಕ್ಕ ಚುಕ್ತಾ. ಇಲ್ಲಿ ಸೀಟು ಮೊದಲು ಬರುತ್ತದೆ, ಕೊನೆಯ ವರ್ಷದ ಅಂಕ ಆಮೇಲೆ ಬರುತ್ತದೆ. ಊರಿನಿಂದ ಫೋನ್ ಮಾಡುವ ಬಂಧುಗಳು "ಸೀಟು ಸಿಕ್ಕಿತಲ್ಲ, ಇನ್ನೇನು ಚಿಂತೆ?" ಎಂದು ಕೇಳಿದಾಗ, ಸಿಕ್ಕಿದ ಸೀಟೂ ಕೈತಪ್ಪಬಹುದು ಎಂದು ವಿವರಿಸುವುದು ಕಷ್ಟವಾಗುತ್ತದೆ.

ಯುಸಿ ಕ್ಯಾಂಪಸ್‌ಗಳು ಅರ್ಜಿಗೆ ಲೆಕ್ಕ ಹಾಕುವ ಜಿಪಿಎಯಲ್ಲಿ, ಅಂದರೆ ಗ್ರೇಡ್‌ಗಳ ಸರಾಸರಿಯಲ್ಲಿ, ಹತ್ತನೇ ಮತ್ತು ಹನ್ನೊಂದನೇ ತರಗತಿಯ ಗ್ರೇಡ್‌ಗಳು ಮಾತ್ರ ಸೇರುತ್ತವೆ. ಇಷ್ಟನ್ನು ಮಕ್ಕಳು ಬಹಳ ಬೇಗ ಕಂಡುಕೊಳ್ಳುತ್ತಾರೆ. ಆದರೆ ಅದೇ ಅರ್ಜಿಯಲ್ಲಿ ಹನ್ನೆರಡನೇ ತರಗತಿಯಲ್ಲಿ ಓದುತ್ತಿರುವ ವಿಷಯಗಳನ್ನೂ ಬರೆದುಕೊಟ್ಟಿರುತ್ತೇವೆ. ಮಾರ್ಚ್‌ನಲ್ಲಿ ಬರುವ ಪ್ರವೇಶ ಪತ್ರವು ಆ ವಿಷಯಗಳನ್ನು ಚೆನ್ನಾಗಿ ಮುಗಿಸುತ್ತಾರೆ ಎಂಬ ನಂಬಿಕೆಯ ಮೇಲೆ ಕೊಟ್ಟ ಷರತ್ತುಬದ್ಧ ಪತ್ರ ಮಾತ್ರ. ಸಾಮಾನ್ಯವಾಗಿ ಆ ವರ್ಷದ ಸರಾಸರಿ 3.0ಕ್ಕಿಂತ, ಅಂದರೆ ಬಿ ಗ್ರೇಡಿಗಿಂತ, ಇಳಿಯಬಾರದು, ಯಾವ ವಿಷಯದಲ್ಲೂ ಡಿ ಅಥವಾ ಎಫ್ ಬರಬಾರದು, ಹೇಳದೆ ಕೇಳದೆ ಒಂದು ವಿಷಯವನ್ನು ಕೈಬಿಡಬಾರದು, ಅಂತಿಮ ಟ್ರಾನ್ಸ್‌ಕ್ರಿಪ್ಟ್ (ಶಾಲೆ ಕಳುಹಿಸುವ ಅಂಕಪಟ್ಟಿ) ಜುಲೈ 1ರೊಳಗೆ ತಲುಪಬೇಕು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ ಮೂಲಕ ಅರ್ಜಿ ಹಾಕುವ ಖಾಸಗಿ ಕಾಲೇಜುಗಳಲ್ಲಿ ಅನೇಕವು ಶಾಲೆಯಿಂದ ಅರ್ಧವಾರ್ಷಿಕ ವರದಿಯನ್ನೇ ತರಿಸಿಕೊಳ್ಳುತ್ತವೆ. ನವೆಂಬರ್‌ನಲ್ಲೇ ಅರ್ಜಿ ಹಾಕಿ, ನಿರ್ಧಾರ ಮುಂದಕ್ಕೆ ಹೋದ ಮಕ್ಕಳಿಗಂತೂ ಆ ಒಂದು ಸೆಮಿಸ್ಟರ್‌ನ ಗ್ರೇಡ್ ದೊಡ್ಡ ಆಸರೆ.

ನಮ್ಮ ಮನೆಯಲ್ಲಿ ನಡೆದದ್ದನ್ನು ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಜನವರಿಯ ಮೊದಲ ವಾರ ಶಾಲೆಯ ಪೋರ್ಟಲ್ ತೆರೆದಾಗ ಎಪಿ ಕ್ಯಾಲ್ಕುಲಸ್ (ಕಾಲೇಜು ಮಟ್ಟದ ಗಣಿತ) ಎದುರು ಡಿ ಇತ್ತು. ಕೆಳಗೆ ಒಪ್ಪಿಸದೆ ಬಿಟ್ಟ ಐದು ಹೋಂವರ್ಕ್‌ಗಳು, ಒಂದೊಂದರ ಮುಂದೆಯೂ ಸೊನ್ನೆ. ಮೊದಲ ಸೊನ್ನೆ ಬಿದ್ದದ್ದು, ಅರ್ಜಿ ಕಳುಹಿಸಿದ ಖುಷಿಗೆ ನಾವೆಲ್ಲ ಹೊರಗೆ ಊಟಕ್ಕೆ ಹೋಗಿದ್ದ ವಾರದಲ್ಲಿ. ನಾನು ಕೇಳಿದ್ದಕ್ಕೆ ಅವನು ತಲೆ ಎತ್ತದೆ, "ಈ ವರ್ಷದ್ದು ಲೆಕ್ಕಕ್ಕಿಲ್ಲ ಅಂತ ನೀನೇ ಹೇಳಿದ್ದೆಯಲ್ಲ ಅಮ್ಮಾ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಡಿ ಬಂದದ್ದನ್ನು ಅರ್ಜಿ ಹಾಕಿದ ಪ್ರತಿ ಕ್ಯಾಂಪಸ್‌ಗೂ ಅವನೇ ತಿಳಿಸಬೇಕಾಗಿತ್ತು. ಮೊದಲು ಬರೆದದ್ದರಲ್ಲಿ ಜ್ವರದ ನೆಪವಿತ್ತು, ಮೇಷ್ಟ್ರ ಮೇಲೆ ದೂರಿತ್ತು, ಎರಡನ್ನೂ ಹೊಡೆದುಹಾಕಿದೆವು. ಕೊನೆಗೆ ಉಳಿದದ್ದು ನಾಲ್ಕು ವಾಕ್ಯ: ಯಾವ ಗ್ರೇಡ್ ಬಂತು, ತಾನು ಹೋಂವರ್ಕ್ ಬಿಟ್ಟದ್ದರಿಂದ ಬಂತು, ಈಗ ಮಂಗಳವಾರ ಮತ್ತು ಗುರುವಾರ ಊಟದ ವೇಳೆಯಲ್ಲಿ ಅದೇ ಮೇಷ್ಟ್ರ ಬಳಿ ಕೂರುತ್ತಿದ್ದೇನೆ, ಮುಂದಿನ ಗ್ರೇಡನ್ನೂ ತಿಳಿಸುತ್ತೇನೆ. ಅವನು ಆಸೆಪಟ್ಟಿದ್ದ ಎರಡು ಕ್ಯಾಂಪಸ್‌ಗಳು ಇಲ್ಲವೆಂದವು, ಒಂದು ಕರೆಯಿತು. ಮೇ ತಿಂಗಳ ಕೊನೆಗೆ ಕ್ಯಾಲ್ಕುಲಸ್‌ನಲ್ಲಿ ಬಿ ಬಂದಿತ್ತು.

ಪ್ರತಿ ವಿಷಯದಲ್ಲೂ ಎ ಬರಲೇಬೇಕು ಎಂದು ಮಕ್ಕಳನ್ನು ಹಿಂಡುವ ಪರವಾಗಿ ನಾನಿಲ್ಲ. ಮೂರು ವರ್ಷ ನಿದ್ದೆಗೆಟ್ಟ ಮಗುವಿಗೆ ವಿಶ್ರಾಂತಿ ಬೇಕು. ಬೇಕಿದ್ದರೆ ವಾರಾಂತ್ಯದ ಒಂದು ಕ್ಲಾಸ್ ಬಿಡಿಸಿ. ಆದರೆ "ಇನ್ನು ಲೆಕ್ಕಕ್ಕಿಲ್ಲ" ಎಂಬ ಮಾತು ಮಾತ್ರ ನಮ್ಮ ಬಾಯಿಂದ ಬರಬಾರದು. ವಿಶ್ವವಿದ್ಯಾಲಯಗಳ ಬಗ್ಗೆಯೂ ನನಗೆ ಬೇಸರವಿದೆ. ನಮಗೆ ಬಂದ ಪತ್ರದಲ್ಲಿ ಅಭಿನಂದನೆ ಪರದೆ ತುಂಬ ಇತ್ತು, ಷರತ್ತುಗಳ ಲಿಂಕ್ ಅಡಿಯಲ್ಲೆಲ್ಲೋ ಇತ್ತು. ಹದಿನೇಳು ವರ್ಷದ ಮಕ್ಕಳು ಅದನ್ನು ತಾವಾಗಿ ಹುಡುಕಿ ಓದುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಈ ಸಲ ಅರ್ಜಿ ಹಾಕಿರುವ ಮನೆಗಳಲ್ಲಿ ಸೆಮಿಸ್ಟರ್ ಪರೀಕ್ಷೆಗೆ ಇನ್ನೂ ಎರಡು ಮೂರು ವಾರ ಉಳಿದಿರಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಮಗುವಿನ ಜೊತೆ ಕುಳಿತು ಪೋರ್ಟಲ್ ಒಮ್ಮೆ ನೋಡಿ. ಮಾರ್ಚ್‌ನಲ್ಲಿ ಪತ್ರ ಬಂದಾಗ ಷರತ್ತುಗಳ ಪುಟವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ನಮ್ಮದು ಫ್ರಿಜ್ ಬಾಗಿಲ ಮೇಲೆ ಜುಲೈವರೆಗೂ ಅಂಟಿಕೊಂಡಿತ್ತು. ಟ್ರಾನ್ಸ್‌ಕ್ರಿಪ್ಟ್ ತಲುಪಿದೆ ಎಂಬ ಸಂದೇಶ ಬಂದ ದಿನ ಮಗನೇ ಅದನ್ನು ತೆಗೆದ.